ಮೊದಲ ಬೈಕಿಗೆ ಹತ್ತು ಕಿಲೋಮೀಟರ್ ವೇಗದ ಪರೀಕ್ಷೆ

ಬೆಳಿಗ್ಗೆ ಒಂಬತ್ತೂವರೆಗೆ ಬೆಂಗಳೂರು ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ ಎಂಟು ಅಶ್ವಶಕ್ತಿಯ ಸ್ಪ್ಲೆಂಡರ್ ಪಕ್ಕದಲ್ಲೇ ನಲವತ್ತಾರು ಅಶ್ವಶಕ್ತಿಯ ಕೆಟಿಎಂ 390 ಡ್ಯೂಕ್ ನಿಂತಿರುತ್ತದೆ. ಹಸಿರು ದೀಪ ಬಿದ್ದ ಮೇಲೆ ಎರಡೂ ಹೊರಡುವುದು ಮುಂದಿರುವ ನೀರಿನ ಟ್ಯಾಂಕರಿನ ವೇಗದಲ್ಲಿ. ಅಲ್ಲಿಂದ ಕಾಡುಗೋಡಿ ಟ್ರೀ ಪಾರ್ಕ್ ದಾಟಿ ಪಟ್ಟಂದೂರು ಅಗ್ರಹಾರದ ಐಟಿಪಿಎಲ್ ಗೇಟು ಮುಟ್ಟುವವರೆಗೆ ಡ್ಯೂಕಿನ ಮಿಕ್ಕ ಮೂವತ್ತೆಂಟು ಅಶ್ವಶಕ್ತಿಗೆ ಕೆಲಸವೇ ಇಲ್ಲ. ಬಿಡುವಿಲ್ಲದ್ದು ಸವಾರನ ಎಡಗೈಗೆ ಮಾತ್ರ. ಕ್ಲಚ್ ಹಿಡಿ, ಬಿಡು, ಮತ್ತೆ ಹಿಡಿ.

ಮೊದಲ ಬೈಕು ಕೊಳ್ಳಲು ಹೊರಟವರು ಶೋರೂಮಿನಲ್ಲಿ ಕೇಳುವುದು ಸಾಮಾನ್ಯವಾಗಿ ಮೂರೇ ಪ್ರಶ್ನೆ: ಮೈಲೇಜ್ ಎಷ್ಟು, ಟಾಪ್ ಸ್ಪೀಡ್ ಎಷ್ಟು, ಇಎಂಐ ಎಷ್ಟು. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಈ ಬೈಕು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳುವವರು ಅಪರೂಪ. ಹೊಸ ಸವಾರರು ಗಾಡಿಯನ್ನು ಪಕ್ಕಕ್ಕೆ ಕೆಡವುವುದು ಮಾತ್ರ ಹೆಚ್ಚಾಗಿ ಅದೇ ವೇಗದಲ್ಲಿ. ಯು ಟರ್ನ್ ತಿರುಗಿಸುವಾಗ, ಗುಂಡಿಯ ಮುಂದೆ ತಡೆದು ನಿಂತಾಗ, ಪಾರ್ಕಿಂಗಿನಲ್ಲಿ ಹಿಂದಕ್ಕೆ ತಳ್ಳುವಾಗ.

ಪಟ್ಟಂದೂರು ಅಗ್ರಹಾರದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. 1990ರ ದಶಕದಲ್ಲಿ ಇಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ (ಐಟಿಪಿಎಲ್) ಎದ್ದ ಮೇಲೆ ಊರ ಸುತ್ತಲಿನ ಹೊಲ ತೋಪುಗಳೆಲ್ಲ ಒಂದೊಂದಾಗಿ ಪಿಜಿ, ಅಪಾರ್ಟ್‌ಮೆಂಟು, ದರ್ಶಿನಿಗಳಾದವು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಹಾಸನದಿಂದ, ಕಲಬುರಗಿಯಿಂದ, ಗಡಿಯಾಚೆಯ ಅನಂತಪುರದಿಂದ ಪ್ರತಿವರ್ಷ ಇಲ್ಲಿ ಬಂದಿಳಿಯುತ್ತಾರೆ. ಮೂರನೆಯದೋ ನಾಲ್ಕನೆಯದೋ ಸಂಬಳ ಬೀಳುವ ಹೊತ್ತಿಗೆ ಬೈಕಿನ ಮಾತು ಶುರುವಾಗುತ್ತದೆ. ಊರಲ್ಲಿ ಅಪ್ಪನ ಗಾಡಿಯನ್ನು ಗದ್ದೆ ದಾರಿಯಲ್ಲಿ ಓಡಿಸಿದ ಅನುಭವ ಕೆಲವರಿಗಿದೆ. ಹಲವರಿಗೆ ಅದೂ ಇಲ್ಲ.

ಅದಕ್ಕೂ ಮೊದಲು ಬೈಕು ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ಭಾಗ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ಅದೇ ವರ್ಷ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿತು. ಈಗ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ಹತ್ತಿದರೆ ಮೆಜೆಸ್ಟಿಕ್ಕಿನಲ್ಲಿ ಇಳಿಯಬಹುದು. ನಿಲ್ದಾಣದ ಹತ್ತಿರವೇ ಪಿಜಿ, ನಡೆದು ಹೋಗುವಷ್ಟು ದೂರದಲ್ಲಿ ಆಫೀಸು ಇರುವವರು ಆರು ತಿಂಗಳು ಕಾದರೆ ನಷ್ಟವೇನಿಲ್ಲ. ಬೈಕು ದಿಟವಾಗಿ ಬೇಕಾಗುವುದು ಇಮ್ಮಡಿಹಳ್ಳಿ, ನಾಗೊಂಡನಹಳ್ಳಿ, ಬೆಳತೂರು, ಸೀಗೆಹಳ್ಳಿ, ವರ್ತೂರು, ಗುಂಜೂರುಗಳಿಂದ ಬರುವವರಿಗೆ. ಅಂದರೆ ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್. ಅದರಲ್ಲಿ ಹೆಚ್ಚಿನದು ಒಂದನೇ ಎರಡನೇ ಗೇರಿನ ದಾರಿ.

ಕಾಲು ನೆಲಕ್ಕೆ ಎಟುಕಬೇಕು

ಕಂಪನಿಗಳ ಜಾಹೀರಾತಿನಲ್ಲಿ ಸೀಟಿನ ಎತ್ತರ ಸಣ್ಣ ಅಕ್ಷರದಲ್ಲಿರುತ್ತದೆ. ಹೊಸ ಸವಾರ ಮೊದಲು ಹುಡುಕಬೇಕಾದದ್ದು ಅದನ್ನೇ. ಸ್ಪ್ಲೆಂಡರ್ ಪ್ಲಸ್ಸಿನ ಸೀಟು ನೆಲದಿಂದ 785 ಮಿಲಿಮೀಟರ್ ಎತ್ತರದಲ್ಲಿದೆ. ಟಿವಿಎಸ್ ರೈಡರ್ 125ರದು 780. ಅಪಾಚೆ ಆರ್‌ಟಿಆರ್ 160 4ವಿ 800ಕ್ಕೆ ಏರುತ್ತದೆ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 805ಕ್ಕೆ, ಯಮಹಾ ಆರ್15 815ಕ್ಕೆ. 2024ರ ಜುಲೈನಲ್ಲಿ ಬಿಡುಗಡೆಯಾದ ಬಜಾಜ್ ಫ್ರೀಡಂ, ಸಿಎನ್‌ಜಿಯಲ್ಲಿ ಓಡುವ ಬೈಕು, ಎಂಜಿನ್ 125 ಸಿಸಿಯದಾದರೂ ಸೀಟು 825 ಮಿಲಿಮೀಟರ್ ಮೇಲಿದೆ. ಎಂಜಿನ್ ಚಿಕ್ಕದಿದ್ದರೆ ಬೈಕೂ ಗಿಡ್ಡಗಿರುತ್ತದೆ ಎಂದುಕೊಂಡು ಹೋದವರಿಗೆ ಇಂಥಲ್ಲಿ ಆಶ್ಚರ್ಯ ಕಾದಿರುತ್ತದೆ.

ನಲವತ್ತು ಮಿಲಿಮೀಟರ್ ಎಂದರೆ ನಾಲ್ಕು ಸೆಂಟಿಮೀಟರ್, ಅಷ್ಟೇನು ದೊಡ್ಡದು ಎನ್ನಬಹುದು. ಐದಡಿ ಎರಡಂಗುಲದ ಸವಾರಿಣಿಗೆ ಅದು ಎರಡೂ ಪಾದ ಊರುವುದಕ್ಕೂ ಒಂದೇ ಹೆಬ್ಬೆರಳು ತಾಗುವುದಕ್ಕೂ ನಡುವಿನ ವ್ಯತ್ಯಾಸ. ಬರೀ ಅಂಕಿ ನೋಡಿದರೂ ಸಾಲದು. ಸೀಟು ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿ ಕಾಲು ಗಿಡ್ಡವಾದಂತಾಗುತ್ತದೆ. ಮುಂಭಾಗ ಕಿರಿದಾಗಿದ್ದರೆ ಅದೇ ಎತ್ತರದಲ್ಲೂ ಪಾದ ಸಲೀಸಾಗಿ ಊರುತ್ತದೆ. ಹಾಗಾಗಿ ಆಫೀಸಿಗೆ ಹಾಕುವ ಶೂ ಹಾಕಿಕೊಂಡೇ ಶೋರೂಮಿಗೆ ಹೋಗಿ, ಸ್ಟ್ಯಾಂಡ್ ತೆಗೆದು, ಬೈಕನ್ನು ನೆಟ್ಟಗೆ ನಿಲ್ಲಿಸಿ ಕೂತು ನೋಡಬೇಕು. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಿದರೆ ಸಾಕು.

ಎತ್ತರದ ಜೊತೆಗೇ ತೂಕ. ಸ್ಪ್ಲೆಂಡರ್ 112 ಕೆ.ಜಿ., ರೈಡರ್ 123, ಅಪಾಚೆ 160 4ವಿ 145ರ ಆಸುಪಾಸು, ರಾಯಲ್ ಎನ್‌ಫೀಲ್ಡಿನದೇ ಹಂಟರ್ 350 181, ಕ್ಲಾಸಿಕ್ 350 195. ಓಡುವಾಗ ತೂಕ ತಿಳಿಯುವುದಿಲ್ಲ, ಒಮ್ಮೊಮ್ಮೆ ಒಳ್ಳೆಯದೇ ಅನ್ನಿಸುತ್ತದೆ. ತಿಳಿಯುವುದು ಪಿಜಿಯ ನೆಲಮಾಳಿಗೆಯಲ್ಲಿ. ಅಲ್ಲಿ ನಲವತ್ತು ಬೈಕುಗಳು ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗುವಂತೆ ನಿಂತಿರುತ್ತವೆ. ಒಳಗಿನ ಸಾಲಿನಿಂದ ಒಂದನ್ನು ಹೊರತೆಗೆಯಲು ಎಡಕ್ಕೊಂದು ಬಲಕ್ಕೊಂದು ಸರಿಸಬೇಕು. ಮೇಲಕ್ಕೆ ಬರುವ ಇಳಿಜಾರಂತೂ ವೈಟ್‌ಫೀಲ್ಡಿನ ಸವಾರನ ದಿನದಲ್ಲಿ ಎದುರಾಗುವ ಅತಿ ಕಡಿದಾದ ಏರು. ಅದರ ಮಧ್ಯೆ ಸೆಕ್ಯುರಿಟಿಯವರು ಕೈ ಅಡ್ಡ ಹಿಡಿದರೆ, ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಹಿಡಿದು ಮತ್ತೆ ಹೊರಡಿಸಬೇಕು. ನಂದಿಬೆಟ್ಟದ ತಿರುವುಗಳಿಗಿಂತ ಹೊಸಬರಿಗೆ ಇದೇ ಕಷ್ಟ.

ಮನೆಯ ಹಿರಿಯರು ಇಲ್ಲಿ ಬೇರೆಯೇ ಮಾತು ಹೇಳುತ್ತಾರೆ. "ಬೈಕ್ ಅಂದ್ರೆ ಸ್ವಲ್ಪ ಭಾರ ಇರ್ಬೇಕಪ್ಪ, ಗಾಳಿಗೆ ಹಾರ್ಬಾರದು." ಹಳೆ ಮೈಸೂರು ಕಡೆಯ ಹಲವು ಮನೆಗಳಲ್ಲಿ ಈ ಮಾತಿನ ಹಿಂದೆ ಒಂದು ಯೆಜ್ದಿಯ ನೆನಪಿರುತ್ತದೆ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ದಿ ಬೈಕುಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರ್ ಲಿವರಾಗಿ ಬಳಸುವ ಆ ಗಾಡಿಗಳ ಮೇಲಿನ ಮೋಹ ಇಂದಿಗೂ ಇಳಿದಿಲ್ಲ. ಮೋಹವನ್ನು ಗೌರವಿಸೋಣ, ಆದರೆ ಯೆಜ್ದಿಯ ಕಾಲದ ರಸ್ತೆಯಲ್ಲಿ ಇಂದಿನ ಹೋಪ್ ಫಾರ್ಮ್ ಜಂಕ್ಷನ್ ಇರಲಿಲ್ಲ. ಮೊದಲ ಬೈಕು 150 ಕೆ.ಜಿ.ಯೊಳಗೆ ಇದ್ದರೆ ಹೊಸಬರ ತೋಳಿಗೆ ಸುಖ.

ಎಷ್ಟು ಸಿಸಿ?

ಹೆಚ್ಚು ಜಗಳ ನಡೆಯುವುದು ಇದರ ಮೇಲೆ. ನೂರು ಸಿಸಿಯ ಗಾಡಿ ಇಬ್ಬರನ್ನು ಕೂರಿಸಿಕೊಂಡು ಹೊಸಕೋಟೆ ಫ್ಲೈಓವರ್ ಹತ್ತುವಾಗ ಏದುಸಿರು ಬಿಡುತ್ತದೆ. ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿಗೆ ಇರುವುದು ನಾಲ್ಕೇ ಗೇರು. ಒಬ್ಬರೇ ಓಡಾಡುವವರಿಗೆ, ತಿಂಗಳ ಖರ್ಚನ್ನು ರೂಪಾಯಿ ರೂಪಾಯಿಯಾಗಿ ಲೆಕ್ಕ ಹಾಕುವವರಿಗೆ ಅದಕ್ಕಿಂತ ನಂಬಿಕಸ್ಥ ಗಾಡಿ ಸಿಗುವುದು ಕಷ್ಟ. ಕಾಡುಗೋಡಿಯಿಂದ ಕೋಲಾರದವರೆಗೆ ಯಾವ ಮೆಕ್ಯಾನಿಕ್ಕಾದರೂ ಅದರ ಎಂಜಿನ್ ಬಿಚ್ಚಿ ಜೋಡಿಸಬಲ್ಲ.

125 ಸಿಸಿಯಿಂದ 160 ಸಿಸಿವರೆಗಿನ ವರ್ಗ ಇಲ್ಲಿನ ಹೆಚ್ಚಿನ ಹೊಸ ಸವಾರರಿಗೆ ಸರಿ ಎಂಬುದು ಈ ಲೇಖನದ ಪಕ್ಷ. ಹೋಂಡಾ ಶೈನ್, ಎಸ್‌ಪಿ 125, ಟಿವಿಎಸ್ ರೈಡರ್‌ಗಳಲ್ಲಿ ಐದು ಗೇರು, ಹತ್ತು ಹನ್ನೊಂದು ಅಶ್ವಶಕ್ತಿ, ಬೆಣ್ಣೆಯಂಥ ಕ್ಲಚ್. ಯಮಹಾ ಎಫ್‌ಝಡ್ ಹನ್ನೆರಡು ಅಶ್ವಶಕ್ತಿಯ ಆಸುಪಾಸಿನದು. ಕಾಗದದ ಮೇಲೆ ಇದು ಪೋಟಿಯ ಬೈಕುಗಳಿಗಿಂತ ಸಪ್ಪೆ. ಆದರೆ ಕಡಿಮೆ ವೇಗದಲ್ಲೂ ಜರ್ಕ್ ಹೊಡೆಯದೆ ಎಳೆಯುವುದರಿಂದ ಕಲಿಯುವವರಿಗೆ ಹಿತ. ಅಪಾಚೆ 160 4ವಿ ಹದಿನೇಳೂವರೆ ಅಶ್ವಶಕ್ತಿ ಕೊಡುತ್ತದೆ. ಕಲಿತ ಮೇಲೂ ಮೂರು ನಾಲ್ಕು ವರ್ಷ ಬೇಸರ ತರುವುದಿಲ್ಲ. ಕೈಗೆಟುಕುವ ಬೆಲೆಯಲ್ಲಿ ಅಷ್ಟು ಹುರುಪಿನ ಎಂಜಿನ್ ಸಿಗುವುದು 2001ರಲ್ಲಿ ಬಜಾಜ್ ಪಲ್ಸರ್ ಬಂದ ಮೇಲಿನ ಕಥೆ. ಅದಕ್ಕೆ ಮುಂಚೆ ನಮ್ಮ ರಸ್ತೆಗಳಲ್ಲಿ ಮೈಲೇಜೇ ದೇವರು.

ಕ್ಲಾಸಿಕ್, ಹಂಟರ್‌ಗಳ 349 ಸಿಸಿ ಎಂಜಿನ್ನಿನದು ಬೇರೆ ಗುಣ. ಅಶ್ವಶಕ್ತಿ ಇಪ್ಪತ್ತೇ ಆದರೂ 27 ನ್ಯೂಟನ್ ಮೀಟರ್ ಟಾರ್ಕ್ ಇರುವುದರಿಂದ ಎರಡನೇ ಗೇರಿನಲ್ಲಿ ಟ್ರಾಫಿಕ್ ಇಡೀ ದಾಟಬಹುದು, ಪದೇ ಪದೇ ಗೇರ್ ಬದಲಿಸುವ ಕಾಟವಿಲ್ಲ. ತೋಳಿನಲ್ಲಿ ಬಲವಿದ್ದು ಕಾಲು ಎಟುಕುವ ಹೊಸಬರಿಗೆ ಅದು ಖಂಡಿತ ಬೇಡವೆನ್ನಲಾಗದು. ಆದರೆ 390 ಡ್ಯೂಕ್‌ನಂಥದು ಮೊದಲ ಬೈಕಲ್ಲ. ಆಕ್ಸಲರೇಟರ್ ತಿರುವಿದ ಒಂದು ಬೆರಳಗಲದ ತಪ್ಪಿಗೂ ಆ ಎಂಜಿನ್ ಜೋರಾಗಿ ಉತ್ತರ ಕೊಡುತ್ತದೆ. ಸಿಗ್ನಲ್ಲಿನಲ್ಲಿ ರೇಡಿಯೇಟರ್ ಫ್ಯಾನು ತಿರುಗತೊಡಗಿದರೆ ಏಪ್ರಿಲ್ ಬಿಸಿಲಿನಲ್ಲಿ ಬಿಸಿಗಾಳಿ ನೇರ ಮೊಣಕಾಲಿಗೆ.

"ಹೈವೇಗೆ ಬೇಕಲ್ಲ" ಎಂಬ ವಾದವೊಂದಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಸಿಸಿ ಎಷ್ಟಿದ್ದರೂ ಸರ್ವಿಸ್ ರಸ್ತೆಯೇ ಗತಿ. ವೈಟ್‌ಫೀಲ್ಡಿನವರ ಭಾನುವಾರದ ದಾರಿಗಳಾದ ಹೊಸಕೋಟೆ ದಾಟಿ ಕೋಲಾರದ ಅಂತರಗಂಗೆ, ಆವನಿ, ಇಲ್ಲವೇ ನಂದಿ, ಇವಕ್ಕೆಲ್ಲ 150 ಸಿಸಿ ಧಾರಾಳ ಸಾಕು. ಅದಕ್ಕೂ ಮೀರಿ ಆಸೆಯಿದ್ದರೆ ಬಾಡಿಗೆ ಬೈಕುಗಳಿವೆ, ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟಿನವು. ಕೊಳ್ಳುವ ಮುನ್ನ ಮನಸ್ಸಿನಲ್ಲಿರುವ ಮಾದರಿಯನ್ನು ಒಂದು ದಿನಕ್ಕೆ ಬಾಡಿಗೆಗೆ ಪಡೆಯುವುದು ಶೋರೂಮಿನ ಹತ್ತು ನಿಮಿಷದ ಟೆಸ್ಟ್ ರೈಡಿಗಿಂತ ಎಷ್ಟೋ ಮೇಲು. ಅದೂ ಭಾನುವಾರವಲ್ಲ, ಸೋಮವಾರ. ಆಫೀಸಿನ ಬ್ಯಾಗು ಹೆಗಲಿಗೇರಿಸಿ, ಆಫೀಸಿನ ದಾರಿಯಲ್ಲೇ.

ಬ್ರೇಕಿಗೆ ಕೊಡುವ ಹಣ

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಮುಂದಿನ ಕ್ಯಾಬ್ ಏಕಾಏಕಿ ನಿಂತದ್ದು ಕಣ್ಣಿಗೆ ಬಿದ್ದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಐಟಿಪಿಎಲ್ ರಸ್ತೆಯಲ್ಲಿ ಎರಡು ವಾಹನಗಳ ನಡುವೆ 11 ಮೀಟರ್ ಬಿಟ್ಟರೆ ಅಲ್ಲಿ ಮೂರು ಸ್ಕೂಟರ್ ನುಗ್ಗುತ್ತವೆ. ಆದ್ದರಿಂದ ಗಾಬರಿಯ ಬ್ರೇಕ್ ಇಲ್ಲಿ ದಿನನಿತ್ಯದ ಮಾತು. ಅದರ ಮೇಲೆ ಟ್ಯಾಂಕರಿನಿಂದ ಸೋರಿದ ನೀರು, ಕಟ್ಟಡದ ಮರಳು, ಮಳೆಯಲ್ಲಿ ನೆನೆದ ಝೀಬ್ರಾ ಪಟ್ಟಿಯ ಬಣ್ಣ. ಇವುಗಳ ಮೇಲೆ ಮುಂದಿನ ಚಕ್ರ ಬಿಗಿಹಿಡಿದು ನಿಂತರೆ ಬೈಕು ಜಾರಿ ಬಿದ್ದೇ ಬೀಳುತ್ತದೆ.

ಚಕ್ರ ಹಾಗೆ ಬಿಗಿಯಾಗದಂತೆ ತಡೆಯುವುದು ಎಬಿಎಸ್. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯವಾಯಿತು. 125 ಸಿಸಿ ಮತ್ತು ಅದಕ್ಕೆ ಕಡಿಮೆಯವಕ್ಕೆ ಸಿಬಿಎಸ್ ಇದ್ದರೆ ಸಾಕೆಂದಾಯಿತು. ಸಿಬಿಎಸ್ ಇದ್ದಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದು ಒಳ್ಳೆಯದೇ, ಆದರೆ ಚಕ್ರ ಬಿಗಿಯಾಗುವುದನ್ನು ಅದು ತಡೆಯುವುದಿಲ್ಲ. 125ರ ವರ್ಗದಲ್ಲೂ ಹೀರೊ ಎಕ್ಸ್‌ಟ್ರೀಮ್ 125ಆರ್‌ನಂಥ ಕೆಲವು ಮಾದರಿಗಳು ಮುಂದಿನ ಚಕ್ರಕ್ಕೆ ಎಬಿಎಸ್ ಕೊಟ್ಟಿವೆ. ಬಣ್ಣದ ಸ್ಟಿಕ್ಕರಿಗೆ, ಬ್ಲೂಟೂತ್ ಮೀಟರಿಗೆ ಹೆಚ್ಚುವರಿ ಕೊಡುವ ಮುನ್ನ ಆ ಹಣವನ್ನು ಎಬಿಎಸ್ ಇರುವ ಮಾದರಿಗೆ ಹಾಕುವುದು ಲೇಸು. ಬೈಕು ನಿಲ್ಲಿಸುವ ಬಲದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು. "ಮುಂದಿನ ಬ್ರೇಕ್ ಹಿಡೀಬೇಡ, ಮಗುಚುತ್ತೆ" ಎಂಬ ಊರಿನ ಬುದ್ಧಿವಾದವನ್ನು ಮರೆತು, ಖಾಲಿ ಲೇಔಟಿನ ರಸ್ತೆಯಲ್ಲಿ ಎರಡನ್ನೂ ಒಟ್ಟಿಗೆ ಹದವಾಗಿ ಹಿಡಿಯುವುದನ್ನು ಕಲಿಯಬೇಕು.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೀಗಾಗಿ ಹೆಲ್ಮೆಟ್ಟಿನ ಹಣವನ್ನು ಬೈಕಿನ ಬಜೆಟ್ಟಿನೊಳಗೇ ಸೇರಿಸಬೇಕು. ಐಎಸ್‌ಐ ಗುರುತಿನ ಮೇಲ್ಭಾಗದಲ್ಲಿ ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ, ಆದ್ದರಿಂದ ಲೆಕ್ಕ ಎರಡು ಹೆಲ್ಮೆಟ್ಟಿನದು. ಬೈಕು ಮಾರುವಾಗ ಕಂಪನಿ ಒಂದು ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138 ಹೇಳುತ್ತದೆ. ಕೇಳದಿದ್ದರೆ ಕೊಡುವವರು ಕಡಿಮೆ.

ಹಿಂಬದಿಯವರ ಮಾತು ಬಂತು. ಸ್ಪೋರ್ಟ್ಸ್ ಬೈಕುಗಳ ಹಿಂದಿನ ಸೀಟು ಅಟ್ಟದ ಮೇಲೆ ಕೂತಂತೆ. ಊರಿಂದ ಅಮ್ಮ ಬಂದಾಗ ಸತ್ಯಸಾಯಿ ಆಸ್ಪತ್ರೆಗೋ ವೈದೇಹಿಗೋ ಕರೆದೊಯ್ಯುವ ಸಂದರ್ಭವಿದ್ದರೆ ಉದ್ದನೆಯ, ಸಮತಟ್ಟಾದ ಸೀಟಿರುವುದನ್ನೇ ಆರಿಸಬೇಕು. ಹಿಂಬದಿಯವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕೆಂದು ನಿಯಮ 123 ಹೇಳುತ್ತದೆ. ಚೆಂದ ಕೆಡುತ್ತದೆಂದು ಮೊದಲ ವಾರವೇ ಅದನ್ನು ಬಿಚ್ಚಿಸುವವರುಂಟು. ದುಪಟ್ಟಾ ಚೈನಿಗೆ ಸಿಕ್ಕಿದರೆ ಏನಾಗುತ್ತದೆಂದು ಆಸ್ಪತ್ರೆಯ ತುರ್ತು ವಿಭಾಗದವರು ಬಲ್ಲರು.

ಒಂದು ಲಕ್ಷದ ಗೆರೆ

ಎಕ್ಸ್-ಶೋರೂಮ್ ಬೆಲೆ ನೋಡಿ ಖುಷಿಪಟ್ಟವರು ಆನ್ ರೋಡ್ ಬೆಲೆ ಕೇಳಿ ತಣ್ಣಗಾಗುವುದು ಕರ್ನಾಟಕದಲ್ಲಿ ಹೊಸತಲ್ಲ. ಇಲ್ಲಿ 50 ಸಾವಿರದಿಂದ ಒಂದು ಲಕ್ಷದವರೆಗಿನ ಬೈಕಿಗೆ ಜೀವಿತಾವಧಿ ತೆರಿಗೆ ಶೇ 12. ಲಕ್ಷ ದಾಟಿದರೆ ಶೇ 18. ಅಂದರೆ 98 ಸಾವಿರದ ಬೈಕಿಗೆ ತೆರಿಗೆ 11,760 ರೂಪಾಯಿ, 1,05,000ದ ಬೈಕಿಗೆ 18,900. ಬೆಲೆಯಲ್ಲಿ ಏಳು ಸಾವಿರದ ವ್ಯತ್ಯಾಸ, ತೆರಿಗೆಯಲ್ಲಿ ಮತ್ತೂ ಏಳು ಸಾವಿರ! ಇದರ ಮೇಲೆ ಸೆಸ್ ಬೇರೆ. ಒಂದೇ ಬೈಕಿನ ಎರಡು ಮಾದರಿಗಳ ನಡುವೆ ಈ ಗೆರೆ ಹಾದುಹೋಗುವುದುಂಟು. ಹಾಗಾಗಿ ಎರಡರ ಆನ್ ರೋಡ್ ಬೆಲೆಯನ್ನೂ ಬರೆಸಿಕೊಳ್ಳಬೇಕು. ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಬದಲಾಯಿತು. 350 ಸಿಸಿವರೆಗೆ ಶೇ 28 ಇದ್ದದ್ದು 18ಕ್ಕೆ ಇಳಿದರೆ, ಅದಕ್ಕೂ ಮೇಲಿನವಕ್ಕೆ ಶೇ 40. ಹೊಸಬರು 350ರೊಳಗೆ ಇರಲು ಇದೂ ಒಂದು ಕಾರಣ.

ಕೊಟೇಶನ್ನಿನ ಪ್ರತಿ ಸಾಲನ್ನೂ ಓದಬೇಕು. ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲಿದ್ದರೆ ಅದು ಯಾತಕ್ಕೆ ಎಂದು ಕೇಳಬೇಕು. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲೊಂದು ಮೋಸ ಹೋಗುವ ಜಾಗವಿದೆ. "ಐದು ವರ್ಷ ಇನ್ಶೂರೆನ್ಸ್ ಇದೆ" ಎಂದುಕೊಂಡವರ ಬೈಕು ಎರಡನೇ ವರ್ಷ ಕಳುವಾದರೆ ಒಂದು ಪೈಸೆ ಬರದಿರಬಹುದು, ಏಕೆಂದರೆ ಸ್ವಂತ ಗಾಡಿಯ ಹಾನಿ, ಕಳವಿನ ವಿಮೆ ಸಾಮಾನ್ಯವಾಗಿ ಒಂದು ವರ್ಷದ್ದು. ಅದನ್ನು ಪ್ರತಿವರ್ಷ ನವೀಕರಿಸಬೇಕು.

ಸಾಲದ ವಿಷಯದಲ್ಲಿ ಕೇಳಬೇಕಾದದ್ದು ಒಂದೇ: ಬಡ್ಡಿ ಫ್ಲ್ಯಾಟೋ, ಇಳಿಯುವ ಬಾಕಿಯ ಮೇಲೋ? 80 ಸಾವಿರ ಸಾಲಕ್ಕೆ ಶೇ 12 ಫ್ಲ್ಯಾಟ್ ಎಂದರೆ ಮೂರು ವರ್ಷಕ್ಕೆ ಬಡ್ಡಿ 28,800 ರೂಪಾಯಿ, ತಿಂಗಳ ಕಂತು ಮೂರು ಸಾವಿರ ಚಿಲ್ಲರೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಶೇ 21ರ ಹತ್ತಿರದ ಬಡ್ಡಿ!

ಮೈಲೇಜಿನ ಚಿಂತೆಯನ್ನೂ ಒಮ್ಮೆ ಕಾಗದದ ಮೇಲೆ ಇಳಿಸಿ ನೋಡಬಹುದು. ತಿಂಗಳಿಗೆ 500 ಕಿಲೋಮೀಟರ್ ಓಡಾಟ, ಪೆಟ್ರೋಲು ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ, 60 ಕಿ.ಮೀ. ಕೊಡುವ ಬೈಕಿಗೆ ಸುಮಾರು 860 ರೂಪಾಯಿ, 35 ಕೊಡುವುದಕ್ಕೆ 1,470. ವ್ಯತ್ಯಾಸ 600 ರೂಪಾಯಿಯ ಆಸುಪಾಸು. ಕಡಿಮೆ ಮೊತ್ತವೇನಲ್ಲ, ಆದರೆ ಶೋರೂಮಿನಲ್ಲಿ ಅದಕ್ಕೆ ಸಿಗುವಷ್ಟು ಮಹತ್ವವೂ ಅದಕ್ಕಿಲ್ಲ. ಕೈಗೆ ಒಗ್ಗದ ಬೈಕನ್ನು ವರ್ಷದೊಳಗೆ ಮಾರಿದರೆ ಆಗುವ ನಷ್ಟ ಇದರ ಎಷ್ಟೋ ಪಾಲು.

ಕೈ ಬದಲಾದ ಗಾಡಿ

ಹೊಸ ಸವಾರರು ಒಂದೆರಡು ಬಾರಿ ಬೈಕು ಕೆಡವುವುದು ಖಚಿತವಾದ್ದರಿಂದ ಗೀರು ಬಿದ್ದ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಕಲಿಯುವುದು ಜಾಣತನ. ವೈಟ್‌ಫೀಲ್ಡ್ ಅದಕ್ಕೆ ಒಳ್ಳೆಯ ಜಾಗ. ಆನ್‌ಸೈಟ್ ಅವಕಾಶ ಸಿಕ್ಕವರು, ಕಾರು ಕೊಂಡವರು, ಊರಿಗೆ ಮರಳುವವರು ಬೈಕು ಮಾರುತ್ತಲೇ ಇರುತ್ತಾರೆ. ಕಿಲೋಮೀಟರ್ ಕಡಿಮೆ ಎಂದು ಮಾತ್ರ ಮರುಳಾಗಬಾರದು. ನೆಲಮಾಳಿಗೆಯಲ್ಲಿ ಎರಡು ವರ್ಷ ಧೂಳು ತಿಂದ ಬೈಕಿನ ಟೈರು ಬಿರಿದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿದಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 1823 ಎಂದಿದ್ದರೆ ಅದು 2023ರ 18ನೇ ವಾರದಲ್ಲಿ ತಯಾರಾದದ್ದು.

ನೋಡಲು ಬೆಳಿಗ್ಗೆಯೇ ಹೋಗಬೇಕು, ಎಂಜಿನ್ ತಣ್ಣಗಿರುವಾಗ. ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದೇ ಅರ್ಥ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಮುಂದಿನ ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಪಸೆ ಇದ್ದರೆ ಆಯಿಲ್ ಸೀಲ್ ಹೋಗಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಒಬ್ಬರು ಒತ್ತಿ ಮುಂಚಕ್ರವನ್ನು ಎತ್ತಿದಾಗ ಹ್ಯಾಂಡಲ್ ನಡುವಿನಲ್ಲಿ ಕಟಕ್ಕೆಂದು ಸಿಕ್ಕಿಕೊಂಡಂತಾದರೆ ಕೋನ್ ಸೆಟ್ ಬದಲಿಸಬೇಕು. ನೂರಿನ್ನೂರು ರೂಪಾಯಿ ಕೊಟ್ಟು ಗುರುತಿನ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದರೆ ಇದೆಲ್ಲ ಐದು ನಿಮಿಷದ ಕೆಲಸ. 2023ರ ಏಪ್ರಿಲಿಗೂ ಹಿಂದಿನ ಬೈಕಾದರೆ ಪೆಟ್ರೋಲಿನಲ್ಲಿ ಬೆರೆತಿರುವ ಶೇ 20 ಎಥನಾಲ್‌ಗೆ ಅದರ ರಬ್ಬರ್ ಪೈಪು, ಸೀಲುಗಳು ಹೊಂದುತ್ತವೆಯೇ ಎಂದೂ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಬೇಕು.

ಕಾಗದಪತ್ರ ಇನ್ನೂ ಮುಖ್ಯ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಪೊಲೀಸರ ಜಾಲತಾಣದಲ್ಲಿ ಬೈಕಿನ ನಂಬರ್ ಹಾಕಿ ಬಾಕಿ ದಂಡ ನೋಡಬೇಕು. 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯಿತಿ ಘೋಷಿಸಿದಾಗ ದಂಡ ಕಟ್ಟಲು ಮುಗಿಬಿದ್ದ ಜನರನ್ನು ನೆನೆದರೆ ಬೆಂಗಳೂರಿನ ಬೈಕುಗಳ ಮೇಲೆ ಎಷ್ಟು ಬಾಕಿ ಇರಬಲ್ಲದೆಂದು ಊಹಿಸಬಹುದು. ಕೇರಳ, ಆಂಧ್ರ, ತಮಿಳುನಾಡಿನ ನಂಬರಿನ ಅಗ್ಗದ ಬೈಕುಗಳು ಇಲ್ಲಿ ಬೇಕಾದಷ್ಟು. ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಳ್ಳುವುದಾದರೆ ಕರ್ನಾಟಕದ ನೋಂದಣಿ ಪಡೆದು ಇಲ್ಲಿನ ತೆರಿಗೆ ಕಟ್ಟಬೇಕೆಂಬುದನ್ನು ಆ ಅಗ್ಗದ ಬೆಲೆಗೆ ಕೂಡಿಸಿ ನೋಡಬೇಕು.

ಎಲೆಕ್ಟ್ರಿಕ್ ಗಾಡಿಯ ಪ್ರಶ್ನೆ ಈ ಭಾಗದಲ್ಲಿ ಸಹಜ. ಏಥರ್ ಕಂಪನಿ 2018ರಲ್ಲಿ ತನ್ನ ಮೊದಲ ಸ್ಕೂಟರುಗಳನ್ನು ಜೋಡಿಸಿದ್ದು ವೈಟ್‌ಫೀಲ್ಡಿನಲ್ಲೇ, ಹೊಸೂರಿಗೆ ಹೋದದ್ದು 2021ರಲ್ಲಿ. ಬೆಂಗಳೂರಿನದೇ ಆದ ಅಲ್ಟ್ರಾವೈಲೆಟ್ 2022ರ ನವೆಂಬರಿನಲ್ಲಿ ಎಫ್77 ಎಂಬ ಎಲೆಕ್ಟ್ರಿಕ್ ಬೈಕು ತಂದಿತು. ಅದು 200 ಕೆ.ಜಿ. ಆಸುಪಾಸಿನ ಭಾರದ್ದು, ಬೆಲೆಯೂ ಹೊಸಬರ ಕೈಗೆಟುಕುವುದಲ್ಲ. ಟ್ರಾಫಿಕ್ಕಿನಲ್ಲಿ ಕ್ಲಚ್ ಇಲ್ಲದ ಸುಖಕ್ಕೆ ಸ್ಕೂಟರೇ ಸಾಕೆನ್ನುವವರ ಮಾತು ಸುಳ್ಳಲ್ಲ. ಬಹಳ ಮಂದಿಗೆ ಅದೇ ಸರಿ. ಎಲೆಕ್ಟ್ರಿಕ್ ಆದರೆ ಮುಂಗಡ ಕೊಡುವ ಮುನ್ನ ಪಿಜಿಯವರನ್ನು ಕೇಳಬೇಕು, ಕೆಳಗೆ ಪ್ಲಗ್ ಪಾಯಿಂಟ್ ಕೊಡುತ್ತೀರಾ ಎಂದು. ಮೂರನೇ ಮಹಡಿಯಿಂದ ವೈರ್ ಇಳಿಬಿಡುವುದು ಪರಿಹಾರವಲ್ಲ.

ಎಂಟು ಹಾಕುವುದು

ಇದೆಲ್ಲಕ್ಕೂ ಮೊದಲು ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್. ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಈ ಭಾಗದವರ ಆರ್‌ಟಿಒ ಕೆ.ಆರ್. ಪುರ, ಕೆಎ 53 ನಂಬರ್ ಕೊಡುವುದು ಅದೇ. ಎಲ್‌ಎಲ್‌ಆರ್ ಇರುವಾಗ ಹಿಂದೆ ಕೂರಬಹುದಾದವರು ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿ ಮಾತ್ರ. ಬೈಕು ಬಂದ ಎರಡನೇ ದಿನವೇ ರೂಮ್‌ಮೇಟನ್ನು ಕೂರಿಸಿಕೊಂಡು ದೋಸೆ ತಿನ್ನಲು ಹೊರಡುವವರು, ಏನಾದರೂ ಆದರೆ ವಿಮೆ ಕೂಡ ಕೈಬಿಡಬಹುದೆಂದು ತಿಳಿದಿರಲಿ.

ಪರೀಕ್ಷೆಯಲ್ಲಿ ಕಾಲು ಊರದೆ ಎಂಟರ ಆಕಾರದಲ್ಲಿ ತಿರುಗಿಸಬೇಕು. ಪೂರ್ತಿ ಕ್ಲಚ್ ಬಿಟ್ಟು, ಆಕ್ಸಲರೇಟರ್ ಕೊಡದೆ ಮೊದಲ ಗೇರಿನಲ್ಲಿ ತಾನಾಗಿ ನಡೆಯುವ ಬೈಕಿನಲ್ಲಿ ಎಂಟು ಸುಲಭ. ನಿಂತಲ್ಲೇ ಆಫ್ ಆಗುವ, ಹ್ಯಾಂಡಲ್ ಹೆಚ್ಚು ತಿರುಗದ ಬೈಕಿನಲ್ಲಿ ಕಷ್ಟ. ಹೀಗಾಗಿ ಟೆಸ್ಟ್ ರೈಡಿನಲ್ಲೇ ಶೋರೂಮಿನ ಪಕ್ಕದ ಖಾಲಿ ಜಾಗದಲ್ಲಿ ನಿಧಾನವಾಗಿ ಒಂದು ಎಂಟು ಹಾಕಿ ನೋಡಿದರೆ ಆ ಬೈಕಿನ ಅರ್ಧ ಗುಣ ತಿಳಿದಂತೆಯೇ.

ಡೆಲಿವರಿಯ ದಿನ ಹಾರ, ಕುಂಬಳಕಾಯಿ, ಫೋಟೊಗಳ ಗಡಿಬಿಡಿಯಲ್ಲಿ ಚೇಸಿಸ್ ನಂಬರನ್ನು ಇನ್‌ವಾಯ್ಸಿನ ಜೊತೆ ಹೋಲಿಸುವುದನ್ನು ಮರೆಯಬಾರದು. ತಯಾರಾದ ತಿಂಗಳು ಯಾವುದು, ಮೀಟರ್ ಎಷ್ಟು ಓಡಿದೆ, ಟೈರಿನ ವಾರ ಯಾವುದೆಂದೂ ನೋಡಬೇಕು. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರು ಕಿಲೋಮೀಟರ್ ತಿರುವುಗಳಲ್ಲಿ ವಾಲಿಸದೆ ಓಡಿಸಬೇಕು. ಮೊದಲ ಸರ್ವಿಸ್ ಎಷ್ಟು ಕಿಲೋಮೀಟರಿಗೆ, ಎಷ್ಟು ದಿನದೊಳಗೆ ಎಂಬುದು ಪುಸ್ತಕದಲ್ಲಿರುತ್ತದೆ. ಕಿಲೋಮೀಟರ್ ತುಂಬದಿದ್ದರೂ ದಿನ ತುಂಬಿದರೆ ಬಿಡಲೇಬೇಕು, ಇಲ್ಲವಾದರೆ ವಾರಂಟಿಗೆ ಕುತ್ತು. ಚೈನಿಗೆ 500 ಕಿಲೋಮೀಟರಿಗೊಮ್ಮೆ ಲ್ಯೂಬ್ ಹಾಕಬೇಕು. ವರ್ತೂರು ಕಡೆಯ ಧೂಳಿನಲ್ಲಿ, ಮಳೆಗಾಲದ ಕೆಸರಿನಲ್ಲಿ ಓಡಾಡುವವರು ಇನ್ನೂ ಬೇಗ. ಅದಕ್ಕೆ ಬೇಕಾದದ್ದು ಒಂದು ಡಬ್ಬಿ ಚೈನ್ ಲ್ಯೂಬ್, ಹಳೆಯ ಟೂತ್‌ಬ್ರಷ್ ಮತ್ತು ಡಬಲ್ ಸ್ಟ್ಯಾಂಡ್. ಈಗಿನ ಹಲವು ಸ್ಪೋರ್ಟ್ಸ್ ಮಾದರಿಗಳಲ್ಲಿ ಡಬಲ್ ಸ್ಟ್ಯಾಂಡೇ ಇರುವುದಿಲ್ಲ. ಅದನ್ನು ಬುಕ್ ಮಾಡುವ ಮುನ್ನವೇ ಬಗ್ಗಿ ನೋಡಿರಬೇಕು.